ಫೈಲ್ ರೈಟರ್ ಮುಚ್ಚುವ ಕೆಲಸ: ನನ್ನ ಅನುಭವ

ಜಯನಗರದ ಒಂದು ಸಣ್ಣ ಗ್ರಂಥಾಲಯದ ಪುಸ್ತಕಪಟ್ಟಿಯನ್ನು ಡೇಟಾಬೇಸ್‌ನಿಂದ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ) ಫೈಲ್‌ಗೆ ಇಳಿಸುವ ಜಾವಾ ಪ್ರೋಗ್ರಾಮ್ ರಿಪೇರಿಗೆಂದು ನನ್ನ ಕೈಗೆ ಬಂತು. ಫೈಲ್ ತೆರೆದು ನೋಡಿದರೆ ಕೊನೆಯ ಸಾಲು ‘ಸಾಹಿತ್’ ಎಂಬಲ್ಲಿಗೆ ನಿಂತಿದೆ. ಯ-ವತ್ತೂ ಇಲ್ಲ, ಮುಂದಿನ ಪುಸ್ತಕಗಳೂ ಇಲ್ಲ. ಪ್ರೋಗ್ರಾಮ್ ಮಾತ್ರ ಯಾವ ಎರರ್ ತೋರಿಸದೆ ಮುಗಿಯುತ್ತಿತ್ತು.

ಒತ್ತಕ್ಷರದ ನಡುವೆಯೇ ಫೈಲ್ ತುಂಡಾಗಿದ್ದರೆ ನನ್ನ ಅನುಮಾನ ಮೊದಲು ಹೋಗುವುದು ಬಫರ್ ಮೇಲೆ, ಅಂದರೆ ಫೈಲ್‌ಗೆ ಹೋಗುವ ಮುನ್ನ ಡೇಟಾ ಕೂಡಿಡುವ ಮೆಮೊರಿಯ ಜಾಗದ ಮೇಲೆ. ಫೈಲ್‌ಗೆ ಪಠ್ಯ ಬರೆಯುವ ಜಾವಾದ ಬಫರ್ಡ್‌ರೈಟರ್ ಸಾಮಾನ್ಯವಾಗಿ 8192 ಕ್ಯಾರೆಕ್ಟರ್ ತುಂಬುವವರೆಗೆ ಬರೆದದ್ದನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ‘ತ್ಯ’ ಯುನಿಕೋಡ್‌ನಲ್ಲಿ ಮೂರು ಕ್ಯಾರೆಕ್ಟರ್; ಬಫರ್ ಅದರ ಮಧ್ಯದಲ್ಲೇ ತುಂಬಿ ಖಾಲಿಯಾಗಬಹುದು. ಉಳಿದದ್ದು ಫೈಲ್ ಸೇರಬೇಕಾದರೆ ಫ್ಲಶ್ (ಬಫರ್ ಖಾಲಿ ಮಾಡುವುದು) ಅಥವಾ ಕ್ಲೋಸ್ (ರೈಟರ್ ಮುಚ್ಚುವುದು) ಆಗಲೇಬೇಕು.

ಕೋಡ್‌ನಲ್ಲಿ ಕ್ಲೋಸ್ ಇತ್ತು, ಪುಸ್ತಕಗಳನ್ನು ಒಂದೊಂದಾಗಿ ಬರೆಯುವ ಲೂಪ್ ಮುಗಿದ ಮೇಲೆ. ಲೇಖಕರ ಹೆಸರಿನ ಜಾಗದಲ್ಲಿ ನಲ್ (ಏನೂ ಇಲ್ಲ ಎಂಬ ಗುರುತು) ಇದ್ದ ಒಂದು ರೆಕಾರ್ಡ್ ಎಕ್ಸೆಪ್ಶನ್ (ಕೋಡ್‌ನ ಓಟ ತಡೆಯುವ ದೋಷಸೂಚನೆ) ಎಸೆದಾಗ ಆ ಸಾಲು ತಲುಪುತ್ತಲೇ ಇರಲಿಲ್ಲ; ಕೆಳಗಿದ್ದ ಖಾಲಿ ಕ್ಯಾಚ್ (ಎಕ್ಸೆಪ್ಶನ್ ಹಿಡಿಯುವ ಭಾಗ) ಎಲ್ಲವನ್ನೂ ನುಂಗಿಬಿಡುತ್ತಿತ್ತು. ಖಾಲಿ ಕ್ಯಾಚ್‌ಗಿಂತ ಕ್ರ್ಯಾಶ್ ಆಗುವ ಪ್ರೋಗ್ರಾಮೇ ಮೇಲು.

ಲೂಪ್ ಒಳಗೆ ಪ್ರತಿ ಸಾಲಿಗೂ ಫ್ಲಶ್ ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ಹಾಗೆ ಮಾಡಿದರೆ ಬಫರ್ ಇದ್ದೂ ಇಲ್ಲದಂತೆ, ಮೇಲಾಗಿ ಕ್ಲೋಸ್ ತಪ್ಪಿದಾಗ ಫೈಲ್ ಹ್ಯಾಂಡಲ್ (ಫೈಲ್ ಜೊತೆಗಿನ ಕೊಂಡಿ) ತೆರೆದೇ ಉಳಿಯುತ್ತದೆ. 2011ರಲ್ಲಿ ಜಾವಾ 7 ಜೊತೆ ಬಂದ ಟ್ರೈ-ವಿತ್-ರಿಸೋರ್ಸಸ್ (ತೆರೆದದ್ದನ್ನು ತಾನೇ ಮುಚ್ಚುವ ಟ್ರೈ ಬ್ಲಾಕ್) ಇದಕ್ಕೆ ಸರಿಯಾದ ಉತ್ತರ. ಟ್ರೈ ಪಕ್ಕದ ಬ್ರಾಕೆಟ್ ಒಳಗೇ ಫೈಲ್ಸ್ ಕ್ಲಾಸಿನ ನ್ಯೂಬಫರ್ಡ್‌ರೈಟರ್‌ನಿಂದ, ಅಕ್ಷರ ಸಂಕೇತ ಯುಟಿಎಫ್-8 ಎಂದು ಸ್ಪಷ್ಟವಾಗಿ ಕೊಟ್ಟು, ರೈಟರ್ ತೆರೆದೆ. ಎಕ್ಸೆಪ್ಶನ್ ಬಂದರೂ ಬರದಿದ್ದರೂ ಬ್ಲಾಕ್ ಬಿಡುವಾಗ ಕ್ಲೋಸ್ ತಾನಾಗಿ ನಡೆಯುತ್ತದೆ, ಅದರೊಳಗೇ ಫ್ಲಶ್ ಕೂಡ. ಕ್ಲೋಸ್ ಮಾಡುವಾಗಲೇ ಇನ್ನೊಂದು ಎಕ್ಸೆಪ್ಶನ್ ಎದ್ದರೆ ಮೂಲದ್ದು ಕಳೆದುಹೋಗುವುದಿಲ್ಲ. ಎರಡನೆಯದು ಸಪ್ರೆಸ್ಡ್ (ಹಿಂದಿಟ್ಟ ಎಕ್ಸೆಪ್ಶನ್) ಆಗಿ ಅದಕ್ಕೇ ಅಂಟಿಕೊಂಡು ಬರುತ್ತದೆ.

ಪ್ರಿಂಟ್‌ರೈಟರ್ ಎಂಬ ಇನ್ನೊಂದು ಜಾವಾ ರೈಟರ್ ಬಳಸುವವರು ಎಚ್ಚರವಾಗಿರಬೇಕು: ಡಿಸ್ಕ್ ತುಂಬಿದರೂ ಅದರ ಪ್ರಿಂಟ್ ಮೆಥಡ್‌ಗಳು ಐಒಎಕ್ಸೆಪ್ಶನ್ ಎಸೆಯುವುದಿಲ್ಲ, ಚೆಕ್‌ಎರರ್ ಕರೆದು ನಾವೇ ಕೇಳಬೇಕು. ಇನ್ನು ಫ್ಲಶ್ ಎಂದರೆ ಆಪರೇಟಿಂಗ್ ಸಿಸ್ಟಮ್‌ಗೆ ಒಪ್ಪಿಸಿದ್ದು ಅಷ್ಟೇ. ಕರೆಂಟ್ ಹೋದರೂ ಉಳಿಯಲೇಬೇಕಾದ ಡೇಟಾ ಆದರೆ ಫೈಲ್‌ಚಾನೆಲ್‌ನ ಫೋರ್ಸ್ (ಡಿಸ್ಕ್‌ಗೇ ಬರೆಸುವ ಮೆಥಡ್) ಬೇಕು. ಈ ಪಟ್ಟಿಗೆ ಅದರ ಅಗತ್ಯವಿರಲಿಲ್ಲ.

ಅಗತ್ಯವಿದ್ದದ್ದು ಬೇರೆ. ರೈಟರ್ ತೆರೆದ ಕ್ಷಣವೇ ಹಳೆಯ ಪಟ್ಟಿ ಖಾಲಿಯಾಗುತ್ತದೆ. ಅದಕ್ಕೇ ಈಗ ತಾತ್ಕಾಲಿಕ ಫೈಲ್‌ಗೆ ಬರೆದು, ಟ್ರೈ ಬ್ಲಾಕ್ ಮುಗಿದ ನಂತರವೇ ಹಳೆಯದರ ಜಾಗಕ್ಕೆ ಮೂವ್ ಮಾಡುತ್ತೇನೆ. ಗ್ರಂಥಾಲಯದ್ದು ವಿಂಡೋಸ್ ಯಂತ್ರ; ರೈಟರ್ ತೆರೆದಿರುವಾಗಲೇ ಮೂವ್ ಮಾಡಹೋದರೆ ಅದು ಒಪ್ಪದೇ ಹೋಗಬಹುದು.