ಹಳೆ ಮಾರುತಿ 800ರ ತೂಕ ಇಳಿಸುವುದು ಹೇಗೆ?

ಕಾರವಾರ, ಅಂಕೋಲಾ, ಕುಮಟಾ ಕಡೆ ಹಳೆ ಮಾರುತಿ 800 ಕೊಂಡು, ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುವ ಹುಚ್ಚು ಹತ್ತಿಸಿಕೊಂಡವರು ಈಗ ಊರಿಗೊಬ್ಬರಾದರೂ ಸಿಗುತ್ತಾರೆ. ಎಲ್ಲರಿಗೂ ಗಾಡಿ ಹಗುರಾಗಬೇಕು, ದೇವಿಮನೆ ಘಟ್ಟವನ್ನು ಮೂರನೇ ಗೇರಿನಲ್ಲಿ ಹತ್ತಬೇಕು. ಅದಕ್ಕೆಂದು ಮೊದಲು ಮಾಡುವ ಕೆಲಸವೇ ಡ್ರಿಲ್ ಹಿಡಿದು ಬಾಗಿಲಿನ ಒಳತಗಡಿಗೆ ತೂತು ಕೊರೆಯುವುದು. ದಯವಿಟ್ಟು ಬೇಡ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರು ಹುಟ್ಟುವಾಗಲೇ ಸಣಕಲು. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಹೆಚ್ಚಿನವಕ್ಕೆ 40ರೊಳಗಿನ ಅಶ್ವಶಕ್ತಿ, ಮಾದರಿ ನೋಡಿ 650 ಕೆ.ಜಿ. ಆಸುಪಾಸು ತೂಕ. ಇದಕ್ಕೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಅಲ್ಲಿ ಕೊರೆದರೆ ಕಾಲು ಕಿಲೋ ಉಳಿಯಬಹುದು, ಬಾಡಿಯ ಗಟ್ಟಿತನ ಮಾತ್ರ ಹೋಗುತ್ತದೆ. ಕರಾವಳಿಯ ಗಾಡಿಗಳಲ್ಲಿ ನಿಜವಾದ ಭಾರ ಇರುವುದು ಮೂವತ್ತು ವರ್ಷಗಳ ರಿಪೇರಿಯಲ್ಲಿ.

ಮೊದಲು ತೂಗಿ

ಬಿಚ್ಚುವ ಮುಂಚೆ ಚಿರೆಕಲ್ಲಿನ ಲಾರಿ ತೂಗುವ ವೇ ಬ್ರಿಜ್‌ಗೆ ಒಯ್ದು ಒಂದು ಚೀಟಿ ಮಾಡಿಸಿಕೊಳ್ಳಿ. ಆ ಕಾಟಾ ಐದು-ಹತ್ತು ಕಿಲೋದ ಲೆಕ್ಕದಲ್ಲೇ ತೋರಿಸುವುದು, ಒಟ್ಟು ಅಂದಾಜಿಗೆ ಅಷ್ಟು ಸಾಕು. ಬಿಡಿ ಭಾಗಗಳಿಗೆ ಮೀನು ವ್ಯಾಪಾರದವರು ಇಟ್ಟುಕೊಳ್ಳುವ ಕೊಕ್ಕೆಯ ಡಿಜಿಟಲ್ ತಕ್ಕಡಿ ಬೇಕು. ಹಾಕುವ, ತೆಗೆಯುವ ಪ್ರತಿ ವಸ್ತುವನ್ನೂ ಅದಕ್ಕೆ ತೂಗುಹಾಕಿ ಬರೆದಿಡಿ.

ಸುಲಭದ್ದು ತೆಗೆಯಿರಿ

ಮುಂದಿನ ಕಬ್ಬಿಣದ ಗಾರ್ಡ್, ಮೇಲಿನ ಕ್ಯಾರಿಯರ್, ಡಿಕ್ಕಿಯ ಸ್ಪೀಕರ್ ಪೆಟ್ಟಿಗೆ, ಸೀಟಿನ ಮೇಲೆ ಹೊಲಿಸಿದ ಎರಡನೇ ರೆಕ್ಸಿನ್, ಎಲ್ಲ ಗುಜರಿಗೆ. ಗಾರ್ಡ್ ಹೇಗೂ ಕಾನೂನಿಗೆ ವಿರುದ್ಧ, 2017ರ ಕೊನೆಯಲ್ಲೇ ಕೇಂದ್ರ ಸಾರಿಗೆ ಇಲಾಖೆ ಅದನ್ನು ಹೇಳಿದೆ. ಸ್ಟೆಪ್ನಿ, ಜಾಕು ಮಾತ್ರ ಇರಲಿ. ಎಸಿ ಇದ್ದರೆ ಅದನ್ನೂ ಮುಟ್ಟಬೇಡಿ. ಜೂನ್ ಮಳೆಯಲ್ಲಿ ಗಾಜಿಗೆ ಹಬೆ ಹಿಡಿದು ಎದುರಿನ ಲಾರಿ ಕಾಣದಾದಾಗ ಅದರ ಬೆಲೆ ತಿಳಿಯುತ್ತದೆ.

ಬಾಗಿಲನ್ನು ಒಮ್ಮೆ ಜೋರಾಗಿ ಅಲುಗಿಸಿ. ಒಳಗೆ ಗಳಗಳ ಎಂದರೆ ನೀರು ನಿಂತಿದೆ, ಒಂದು ಲೀಟರಿಗೆ ಒಂದು ಕಿಲೋ. ಕೆಳಅಂಚಿನ ತೂತುಗಳನ್ನು ಪುಟ್ಟಿ ಮೆತ್ತಿಯೋ ಪೇಂಟ್ ಹೊಡೆದೋ ಮುಚ್ಚಿಬಿಟ್ಟಿರುತ್ತಾರೆ. ತಂತಿ ಹಾಕಿ ಬಿಡಿಸಿ.

ನೆಲ: ಇಲ್ಲಿಯೇ ಎಲ್ಲರೂ ಎಡವುವುದು

ಮ್ಯಾಟು ಎತ್ತಿದರೆ ಕಾಣುವುದು ಕಪ್ಪು ಡಾಂಬರಿನ ಹಾಳೆ, ಸದ್ದು ತಡೆಯಲು ಅಂಟಿಸಿದ್ದು. ಉಪ್ಪುನೀರು ಅದರ ಬಿರುಕಿನಲ್ಲಿ ಇಳಿದು ಅಡಿಯಲ್ಲೇ ಕೂತು ಜಂಗು ಹಿಡಿಸುತ್ತದೆ, ಮೇಲಿಂದ ಏನೂ ಗೊತ್ತಾಗುವುದಿಲ್ಲ. ಹಾಳೆ ಪೂರ್ತಿ ಬರಬೇಕು. ಗ್ಯಾಸ್ ಬತ್ತಿ ಹಿಡಿದು ಕರಗಿಸುವವರಿದ್ದಾರೆ. ಡಾಂಬರು ಹೊತ್ತಿಕೊಳ್ಳುತ್ತದೆ, ತೆಳು ತಗಡು ಸೊಟ್ಟಗಾಗುತ್ತದೆ. ಬೈತಖೋಲ್ ಬಂದರಿನ ಮಂಜುಗಡ್ಡೆ ಸುರಿದು ನೋಡುವವರೂ ಇದ್ದಾರೆ. ಸೊನ್ನೆ ಡಿಗ್ರಿಗೆ ಡಾಂಬರು ಜಗ್ಗುವುದಿಲ್ಲ, ನೆಲ ಒದ್ದೆಯಾದದ್ದಷ್ಟೇ ಲಾಭ.

ಬೇಕಾದದ್ದು ಡ್ರೈ ಐಸ್, ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ಮೈನಸ್ 78 ಡಿಗ್ರಿ. ನಮ್ಮ ಊರುಗಳಲ್ಲಿ ಸಿಗುವುದು ಕಷ್ಟ, ಹುಬ್ಬಳ್ಳಿ ಅಥವಾ ಗೋವಾದ ಕಡೆ ವಿಚಾರಿಸಬೇಕು. ತರುವಾಗ ಕಾರಿನ ಕಿಟಕಿ ತೆರೆದಿರಲಿ, ಬಿಗಿ ಮುಚ್ಚಳದ ಡಬ್ಬಿ ಬೇಡ, ಅನಿಲ ತುಂಬಿ ಡಬ್ಬಿ ಸಿಡಿಯುತ್ತದೆ. ಕೆಲಸವೂ ಬಯಲಿನಲ್ಲೇ ಆಗಲಿ. ಚರ್ಮದ ದಪ್ಪ ಕೈಗವಸು ಹಾಕಿಕೊಂಡು ಚಿಕ್ಕ ಚೂರು ಮಾಡಿ, ಒಂದು ಮೊಳದಷ್ಟು ಜಾಗಕ್ಕೆ ಹರಡಿ, ಮೇಲೊಂದು ಗೋಣಿ ಹೊದಿಸಿ. ಹತ್ತು ನಿಮಿಷದಲ್ಲಿ ಚಟಚಟ ಸದ್ದು ಶುರುವಾಗುತ್ತದೆ, ಹಾಳೆಯ ಅಂಚಿಗೆ ಬಿಳಿ ಹುಡಿ ಹಿಡಿಯುತ್ತದೆ. ಚೂರುಗಳನ್ನು ಪಕ್ಕದ ಜಾಗಕ್ಕೆ ಸರಿಸಿ, ತಡಮಾಡದೆ ಮರದ ಸುತ್ತಿಗೆಯಿಂದ ತಟ್ಟಿ. ಹಲಸಿನ ಹಪ್ಪಳ ಮುರಿದಂತೆ ಮುರಿದು ಏಳುತ್ತದೆ. ಎದ್ದದ್ದನ್ನೆಲ್ಲ ಬಕೆಟ್ಟಿಗೆ ತುಂಬಿ ತೂಗಿ. ತಗಡು ಮತ್ತೆ ಬೆಚ್ಚಗಾದರೆ ಡಾಂಬರು ಪುನಃ ಹಿಡಿದುಕೊಳ್ಳುತ್ತದೆ, ಹಾಗಾಗಿ ಚಹಾಕ್ಕೆ ಹೋಗುವುದು ಆಮೇಲೆ. ಉಳಿದ ಅಂಟನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರುವವರೆಗೆ ವೆಲ್ಡಿಂಗ್ ಮೆಷಿನ್ ದೂರವಿರಲಿ.

ಈಗ ಗಾಡಿಯ ಅಡಿಗೆ ನುಗ್ಗಿ. ಪ್ರತಿ ಮೇ ತಿಂಗಳು ಬಳಿದ ಸುಟ್ಟೆಣ್ಣೆ, ರಬ್ಬರ್ ಕೋಟಿಂಗ್, ಅದರ ಮೇಲೆ ಕೆಮ್ಮಣ್ಣು, ಮತ್ತೆ ಕೋಟಿಂಗ್. ಇದನ್ನೂ ಕೆರೆಯಬೇಕು, ಬೇಸರದ ಕೆಲಸ. ‘ಜಂಗಿನ ಮೇಲೇ ಹೊಡೆಯಿರಿ’ ಎಂದು ಮಾರುವ ಸ್ಪ್ರೇ ಡಬ್ಬಿಗಳಿಗೆ ದುಡ್ಡು ಹಾಕಬೇಡಿ, ಅವು ಜಂಗನ್ನು ಕಣ್ಣಿಗೆ ಕಾಣದಂತೆ ಮಾಡುತ್ತವೆ, ಅಷ್ಟೇ.

ಕೆರೆದ ಮೇಲೆ ತೇಪೆಗಳು ಕಾಣಿಸುತ್ತವೆ. ನಮ್ಮಲ್ಲಿ ಬಹಳ ಗಾಡಿಗಳ ನೆಲ ರಿಪೇರಿಯಾದದ್ದು ಗೇಟು, ಗ್ರಿಲ್ಲು ಮಾಡುವ ಅಂಗಡಿಯಲ್ಲಿ. ಅಲ್ಲಿರುವುದು ಕಡ್ಡಿ ವೆಲ್ಡಿಂಗ್. ತೆಳು ತಗಡಿಗೆ ಕಡ್ಡಿ ತಾಗಿಸಿದರೆ ತೂತು ಬೀಳುತ್ತದೆ, ಅದಕ್ಕೆ ಅವರು 16 ಗೇಜಿನ ದಪ್ಪ ತಗಡು (ಗೇಜ್ ಸಂಖ್ಯೆ ಇಳಿದಷ್ಟೂ ತಗಡು ದಪ್ಪ) ತಂದು, ಕೊಳೆತ ನೆಲ ಕತ್ತರಿಸದೆ ಅದರ ಮೇಲೆಯೇ ಹೊದಿಸಿರುತ್ತಾರೆ. ಲೆಕ್ಕ ಹಾಕಿ: ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ 7.85 ಕಿಲೋ. 16 ಗೇಜ್ ಎಂದರೆ 1.6 ಮಿಲಿಮೀಟರ್, ಅರ್ಧ ಚದರ ಮೀಟರ್ ತೇಪೆಗೇ ಆರು ಕಿಲೋ ದಾಟಿತು. ಅದೇ ಜಾಗಕ್ಕೆ ಸುಮಾರು 0.7 ಮಿಲಿಮೀಟರಿನ 22 ಗೇಜ್ ಹಾಕಿದ್ದರೆ ಮೂರು ಕಿಲೋದೊಳಗೆ ಮುಗಿಯುತ್ತಿತ್ತು. ಮೇಲಾಗಿ ಎರಡು ತಗಡಿನ ನಡುವೆ ನೀರು.

ಹಾಗಾಗಿ ತೇಪೆ, ಕೊಳೆತದ್ದು ಎರಡನ್ನೂ ಒಳ್ಳೆಯ ತಗಡು ಸಿಗುವವರೆಗೆ ಕತ್ತರಿಸಿ. ಒಂದೇ ದಿನ ಎರಡೂ ಬದಿ ಕತ್ತರಿಸಬೇಡಿ, ಬಾಡಿ ಕುಸಿದು ಬಾಗಿಲು ಕೂರುವುದಿಲ್ಲ. ಒಂದು ಬದಿ ಮುಗಿಸಿ ಇನ್ನೊಂದು. ರಟ್ಟಿನ ಮೇಲೆ ಅಳತೆ ತೆಗೆದು, ಸಪಾಟು ನೆಲಕ್ಕೆ 22 ಗೇಜ್, ಬಾಗಿಲ ಕೆಳಗಿನ ಸಿಲ್ಲು ಮತ್ತು ಜಾಕ್ ಕೊಡುವ ಜಾಗಕ್ಕೆ 18 ಗೇಜ್ ಕತ್ತರಿಸಿ. ಇಲ್ಲಿ ತೂಕದ ಆಸೆ ಬಿಡಿ. ವೆಲ್ಡಿಂಗ್, ಕಡ್ಡಿಯ ಬದಲು ತೆಳು ತಂತಿಯಿಂದ ಬೆಸೆಯುವ ಸಿಒ2 ಮೆಷಿನ್ ಇರುವ ಟಿಂಕರಿಂಗ್ ಶಾಪಿನಲ್ಲೇ ಆಗಬೇಕು. ಪೆಟ್ರೋಲ್ ಟ್ಯಾಂಕ್, ಪೈಪು, ಬ್ಯಾಟರಿ ಮೊದಲೇ ಕಳಚಿರಬೇಕು. ಉದ್ದಕ್ಕೆ ಗೆರೆ ಎಳೆಯುವಂತೆ ಬೆಸೆಯಲು ಬಿಡಬೇಡಿ. ಇಲ್ಲೊಂದು ಚುಕ್ಕೆ, ಎದುರು ತುದಿಗೊಂದು, ಆರಲು ಬಿಟ್ಟು ನಡುವೆ ಮತ್ತೊಂದು. ಇಲ್ಲದಿದ್ದರೆ ತಗಡು ಉಬ್ಬಿ, ಅದನ್ನು ಮುಚ್ಚಲು ಪುಟ್ಟಿ ಬರುತ್ತದೆ, ಇಳಿಸಿದ ಕಿಲೋ ಮತ್ತೆ ಹತ್ತುತ್ತದೆ.

ಹಗುರ ಎಂದು ಅಲ್ಯುಮಿನಿಯಂ ತಗಡು ರಿವೆಟ್ ಹೊಡೆಯುವ ಸಲಹೆಯೂ ಬರುತ್ತದೆ. ಉಕ್ಕಿನ ಮೂರನೇ ಒಂದರಷ್ಟೇ ತೂಕ, ಹೌದು. ಆದರೆ ಎರಡು ಲೋಹ ತಾಗಿ ನಡುವೆ ಉಪ್ಪುನೀರು ಸೇರಿದರೆ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಘಟ್ಟದ ಮೇಲಿನ ಶಿರಸಿಯಲ್ಲಿ ನಾಲ್ಕು ಕಾಲ ಬಾಳಬಹುದು, ಕಾರವಾರದಲ್ಲಿ ಇಲ್ಲ.

ಇಷ್ಟೂ ಕೆಲಸ ಡಿಸೆಂಬರಿನಿಂದ ಏಪ್ರಿಲ್ ಒಳಗೆ ಆಗಲಿ. ಮಳೆಗಾಲದಲ್ಲಿ ಬೋಳು ತಗಡು ಬಿಟ್ಟರೆ ಬೆಳಗಾಗುವುದರೊಳಗೆ ಕೆಂಪು. ಕೆರೆದ ದಿನವೇ ಎಪಾಕ್ಸಿ ಪ್ರೈಮರ್ ಬೀಳಬೇಕು. ಸಿಲ್ಲಿನ ಪೊಳ್ಳಿನೊಳಗೆ ಮೇಣದ ಸ್ಪ್ರೇ.

ಫೈಬರ್ ಬಾನೆಟ್, ಅಲಾಯ್ ಚಕ್ರ

ಫೈಬರ್ ದೋಣಿ ಕಟ್ಟುವವರು ನಮ್ಮಲ್ಲಿ ಇರುವುದರಿಂದ ಬಾನೆಟ್ ಮಾಡಿಸುವ ಆಸೆ ಸಹಜ. ಅವರ ಕೈ ಅಲೆಯ ಹೊಡೆತಕ್ಕೆ ಪಳಗಿದ್ದು, ಪದರದ ಮೇಲೆ ಪದರ ಹಾಕುತ್ತಾರೆ. 800ರ ಬಾನೆಟ್ ಮೊದಲೇ ಹಗುರ, ತಕ್ಕಡಿಗೆ ಹಾಕಿದರೆ ಫೈಬರ್ ಸೋಲುವುದುಂಟು. ಅಲಾಯ್ ಕೂಡ ಹಾಗೆ: ಅಗ್ಗದ 13 ಇಂಚಿನದನ್ನು ಮೂಲದ 12 ಇಂಚಿನ ಕಬ್ಬಿಣದ ರಿಮ್ಮಿನ ಜೊತೆ ತೂಗಿ ನೋಡಿಯೇ ದುಡ್ಡು ಕೊಡಿ. ಎಂಜಿನ್ ತಿರುಗುವುದನ್ನು ಹಿಡಿದಿಡುವ ಭಾರದ ಚಕ್ರವಾದ ಫ್ಲೈವೀಲನ್ನು ಲೇತಿಗೆ ಕೊಟ್ಟು ಹಗುರ ಮಾಡಿಸುವುದು ನನ್ನ ಮಟ್ಟಿಗೆ ರಸ್ತೆ ಗಾಡಿಗೆ ಬೇಡವೇ ಬೇಡ. ಅರಬೈಲು ಘಟ್ಟದಲ್ಲಿ ಲಾರಿ ಹಿಂದೆ ನಿಂತು ಹೊರಡುವಾಗ ಎಂಜಿನ್ ಬಂದ್ ಬೀಳುತ್ತಲೇ ಇರುತ್ತದೆ.

ಆರ್‌ಸಿ ನೋಡಿಕೊಳ್ಳಿ

ಹಿಂದಿನ ಸೀಟು ತೆಗೆದರೆ ಆರ್‌ಸಿಯ ಆಸನ ಸಂಖ್ಯೆಗೆ ಗಾಡಿ ಹೊಂದುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಬದಲಾವಣೆ ಸಲ್ಲದು, 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ. ಹದಿನೈದು ವರ್ಷ ದಾಟಿದ ಗಾಡಿ ಕೆಎ-30 ಇರಲಿ, ಕೆಎ-31 ಇರಲಿ, ನವೀಕರಣಕ್ಕೆ ಆರ್‌ಟಿಒ ಎದುರು ನಿಲ್ಲಲೇಬೇಕು. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ಬರೆಸಿ.

ಕೊನೆಗೆ ಒಳಗೆ ಸದ್ದು ತಡೆಯುವ ಹಾಳೆ ಬೇಕೆನಿಸಿದರೆ, ಕಾಲಿಡುವ ಜಾಗದ ನಡುವೆ ಒಂದೊಂದು ತುಂಡು ಸಾಕು, ಮೂಲೆಗಳಿಗೆ ಬೇಡ. ಕಾರ್ಪೆಟ್ಟನ್ನು ಅಂಟಿಸಬೇಡಿ. ರಬ್ಬರ್ ಮ್ಯಾಟ್ ಸುಮ್ಮನೆ ಹಾಸಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಎತ್ತಿ ಅಡಿಯನ್ನು ಕೈಯಿಂದ ಮುಟ್ಟಿ ನೋಡಿ.