ಮ್ಯಾಡಿಸನ್‌ನಲ್ಲಿ ನಾನು ರಾತ್ರಿ ಲೆಕ್ಕ ಬಿಟ್ಟು ತಿಂಗಳ ಬಾಡಿಗೆ ಹಿಡಿದದ್ದು

ಮನೆ ನೋಡಲು ಶುರು ಮಾಡುವ ಮೊದಲೇ ನಾನು ಮ್ಯಾಡಿಸನ್ ನಗರದ ನಿಯಮ ಓದಿದೆ. ವಿಸ್ಕಾನ್ಸಿನ್‌ನ ಈ ಊರಲ್ಲಿ ಎರಡನೇ ಮನೆ ಕೊಂಡು, ರಾತ್ರಿ ಲೆಕ್ಕದಲ್ಲಿ ಮನೆ ಬಾಡಿಗೆಗೆ ಕೊಡುವ ತಾಣವಾದ ಏರ್‌ಬಿಎನ್‌ಬಿಗೆ ಬಿಡಿ ಅಂತ ಪರಿಚಯದವರೆಲ್ಲ ಹೇಳುತ್ತಿದ್ದರು. ವಿಶ್ವವಿದ್ಯಾಲಯದ ಕ್ರೀಡಾಂಗಣವಾದ ಕ್ಯಾಂಪ್ ರ‍್ಯಾಂಡಲ್‌ನಲ್ಲಿ ಫುಟ್‌ಬಾಲ್ ಪಂದ್ಯವಿದ್ದರೆ 70 ಸಾವಿರದಷ್ಟು ಜನ ಸೇರುತ್ತಾರೆ. ಶರತ್ಕಾಲದಲ್ಲಿ ಹೈನುಗಾರಿಕೆಯ ಮೇಳ ವರ್ಲ್ಡ್ ಡೈರಿ ಎಕ್ಸ್‌ಪೋ ಬೇರೆ. ದುಡ್ಡು ತಾನಾಗಿ ಬರುತ್ತೆ ಅಲ್ವಾ?

ಬರಲ್ಲ. ನಗರದ ನಿಯಮದಂತೆ ಒಂದೆರಡು ರಾತ್ರಿಗೆ ಕೊಡಬೇಕಾದರೆ ಅದು ನೀವೇ ವಾಸ ಮಾಡುವ ಮನೆಯಾಗಿರಬೇಕು. ನೀವೂ ಅಲ್ಲೇ ಇದ್ದು ಕೋಣೆ ಕೊಟ್ಟರೆ ರಾತ್ರಿಗಳಿಗೆ ಮಿತಿಯಿಲ್ಲ. ನೀವು ಇಲ್ಲದಾಗ ಕೊಟ್ಟರೆ ವರ್ಷಕ್ಕೆ 30 ರಾತ್ರಿ ಮಾತ್ರ. ನಮ್ಮಂಥವರಿಗೆ ಆ 30 ರಾತ್ರಿಯೂ ಸುಮ್ನೆ. ನಾವು ಮೈಸೂರಿಗೆ ಹೋಗುವುದು ಚಳಿಗಾಲದಲ್ಲಿ. ಆಗ ಮೆಂಡೋಟಾ ಸರೋವರವೇ ಹೆಪ್ಪುಗಟ್ಟುತ್ತದೆ, ಪ್ರವಾಸಕ್ಕೆ ಯಾರು ಬರುತ್ತಾರೆ?

ರಾಜ್ಯದ ಕಾನೂನಿನಲ್ಲಿ ಒಂದು ಕಿಂಡಿ ಇದೆ. 7 ದಿನ ಅಥವಾ ಅದಕ್ಕಿಂತ ಜಾಸ್ತಿ ದಿನದ ಬಾಡಿಗೆಯನ್ನು ಯಾವ ನಗರವೂ ಪೂರ್ತಿ ನಿಷೇಧಿಸುವಂತಿಲ್ಲ ಅಂತ ವಿಸ್ಕಾನ್ಸಿನ್ 2017ರಲ್ಲಿ ಕಾನೂನು ಮಾಡಿತು. ಆದರೆ ತಿಂಗಳಿಗಿಂತ ಕಡಿಮೆಯ ಇಂಥ ಬಾಡಿಗೆಗೆ ವರ್ಷಕ್ಕೆ 180 ದಿನ ಅಂತ ನಗರ ಮಿತಿ ಹಾಕಬಹುದು. ಆ ದಿನಗಳು ಒಂದರ ಹಿಂದೆ ಒಂದು ಬರಬೇಕು ಅಂತಲೂ ಹೇಳಬಹುದು. ಉಳಿದ ಅರ್ಧ ವರ್ಷ ಸಾಲದ ಕಂತು ಸುಮ್ಮನಿರುತ್ತದೆಯೇ? ಇದರ ಮೇಲೆ ಲೈಸೆನ್ಸ್, ರೂಮ್ ಟ್ಯಾಕ್ಸ್ (ತಂಗುವವರ ಬಾಡಿಗೆ ಮೇಲಿನ ತೆರಿಗೆ), ಸೇಲ್ಸ್ ಟ್ಯಾಕ್ಸ್.

ತಿಂಗಳು ದಾಟಿದ ಬಾಡಿಗೆಗೆ ಈ ರಗಳೆ ಇಲ್ಲ. ಹಾಗಾಗಿ ಕ್ರೀಡಾಂಗಣದ ಸುತ್ತಮುತ್ತಲಿನ ದುಬಾರಿ ಮನೆಗಳನ್ನು ಬಿಟ್ಟು ಪಶ್ಚಿಮದ ಕಡೆ ಒಂದು ಸಣ್ಣ ಮನೆ ಕೊಂಡೆ. ಅಲ್ಲಿಂದ ವಿಶ್ವವಿದ್ಯಾಲಯದ ಆಸ್ಪತ್ರೆಗೂ, ಪಕ್ಕದ ವೆರೋನಾ ಊರಿನಲ್ಲಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಎಪಿಕ್ ಕಂಪನಿಯ ಕ್ಯಾಂಪಸ್‌ಗೂ ಕಾರಿನಲ್ಲಿ ಹೆಚ್ಚು ದೂರವಿಲ್ಲ. ಬರುವವರು ಹೆಚ್ಚಾಗಿ ಊರೂರಿನ ಆಸ್ಪತ್ರೆಗಳಲ್ಲಿ ಕೆಲವೇ ತಿಂಗಳು ಕೆಲಸ ಮಾಡುವ ಟ್ರಾವೆಲ್ ನರ್ಸ್‌ಗಳು. ಅವರ ಕಾಂಟ್ರ್ಯಾಕ್ಟ್ ಸಾಮಾನ್ಯವಾಗಿ 13 ವಾರ. ಎಪಿಕ್‌ಗೆ ಹೊಸದಾಗಿ ಸೇರಿದವರೂ ಸ್ವಂತ ಮನೆ ಸಿಗುವವರೆಗೆ ಇರುತ್ತಾರೆ. ಪಂದ್ಯದ ಶನಿವಾರದ ರೇಟು ಇಲ್ಲಿ ಸಿಗುವುದಿಲ್ಲ. ಆದರೆ ಜನವರಿಯಲ್ಲೂ ಬಾಡಿಗೆ ಬರುತ್ತದೆ, ನನಗೆ ಬೇಕಾಗಿದ್ದದ್ದು ಅದೇ.

ಮನೆಗೆ ಸಾಮಾನು ಜೋಡಿಸಿದ್ದು ಮಾತ್ರ ಮಜಾ. ವಿಶ್ವವಿದ್ಯಾಲಯದ ಕ್ಯಾಂಪಸ್ ಸುತ್ತಲಿನ ಲೀಸ್‌ಗಳು ಹೆಚ್ಚುಕಡಿಮೆ ಎಲ್ಲವೂ ಆಗಸ್ಟ್ ಮಧ್ಯದಲ್ಲಿ ಒಟ್ಟಿಗೇ ಮುಗಿಯುತ್ತವೆ. ಹುಡುಗರು ಮೇಜು, ಕುರ್ಚಿ, ದೀಪ ಎಲ್ಲವನ್ನೂ ರಸ್ತೆಬದಿಗೆ ಇಟ್ಟು ಹೋಗುತ್ತಾರೆ. ಊರವರು ಇದನ್ನು ‘ಹಿಪ್ಪಿ ಕ್ರಿಸ್‌ಮಸ್’ ಅನ್ನುತ್ತಾರೆ. ಓದುವ ಮೇಜು, ಪುಸ್ತಕದ ಶೆಲ್ಫ್ ನನಗೆ ಅಲ್ಲೇ ಸಿಕ್ಕವು. ಹಾಸಿಗೆ, ಸೋಫಾ ಮಾತ್ರ ಹೊಸದೇ ತಗೊಂಡೆ. ತಿಗಣೆ ಬಂದರೆ ಒಂದು ಸೀಸನ್ನೇ ಹೋಯಿತು!

ಲೀಸ್‌ನಲ್ಲಿ ಎರಡು ವಿಷಯ ಬಿಡಿಸಿ ಬರೆಯುತ್ತೇನೆ. ಬಾಡಿಗೆದಾರರು ಬಿಟ್ಟುಹೋದ ಮೇಲೆ ಡಿಪಾಸಿಟ್ ಅನ್ನು 21 ದಿನದೊಳಗೆ ಹಿಂದಿರುಗಿಸಬೇಕು, ಹಿಡಿದುಕೊಂಡರೆ ಯಾಕೆ ಅಂತ ಲೆಕ್ಕ ಕೊಡಬೇಕು. ಇನ್ನೊಂದು ಹಿಮ. ಹಿಮ ನಿಂತ ಮರುದಿನ ಮಧ್ಯಾಹ್ನ 12ರೊಳಗೆ ಫುಟ್‌ಪಾತ್ ಖಾಲಿಯಾಗಿರಬೇಕು, ಇಲ್ಲದಿದ್ದರೆ ದಂಡದ ಚೀಟಿ ಮಾಲೀಕನಿಗೇ ಬರುತ್ತದೆ. ರಾತ್ರಿಪಾಳಿ ಮುಗಿಸಿ ಬಂದ ನರ್ಸ್ ಕೈಗೆ ಸಲಿಕೆ ಕೊಡುವುದು ಆಗದ ಮಾತು. ಅದಕ್ಕೆ ಪಕ್ಕದ ಬೀದಿಯ ಹುಡುಗನಿಗೆ ದುಡ್ಡು ಕೊಟ್ಟು ಆ ಕೆಲಸ ಒಪ್ಪಿಸಿದ್ದೇನೆ.