ಪೊರೆಯೊಳಗಿನ ನೀರಿನ ಲೆಕ್ಕ: ನಾನು ಮಾಡಿದ ಬಗೆ

ಹೈಡ್ರೋಜನ್‌ನಿಂದ ವಿದ್ಯುತ್ ತಯಾರಿಸುವ ಇಂಧನ ಕೋಶದಲ್ಲಿ ಬಳಸುವ ನಾಫಿಯಾನ್ ಪೊರೆಯ ತೆಳುವಾದ ಒಣ ತುಂಡನ್ನು ಅಂಗೈ ಮೇಲಿಟ್ಟರೆ ನೋಡನೋಡುತ್ತಲೇ ಸುರುಳಿ ಸುತ್ತಿಕೊಳ್ಳುತ್ತದೆ. ಅಂಗೈಗೆ ತಾಗಿದ ಮುಖ ತೇವ ಹೀರಿ ಹಿಗ್ಗುತ್ತದೆ, ಮೇಲಿನದು ಹಿಗ್ಗುವುದಿಲ್ಲ. ನೀರಿಗೆ ಇಷ್ಟು ಹಾತೊರೆಯುವ ಈ ಪಾಲಿಮರಿನ ಬೆನ್ನೆಲುಬು ಟೆಫ್ಲಾನ್! ನೀರನ್ನು ಎಳೆಯುವುದು ಅದರ ಪಕ್ಕದ ಸರಪಳಿಗಳ ತುದಿಯಲ್ಲಿರುವ ಸಲ್ಫೋನಿಕ್ ಆಮ್ಲದ ಗುಂಪುಗಳು. ಎರಡಕ್ಕೂ ಹೊಂದಾಣಿಕೆಯಿಲ್ಲ, ಆದರೆ ಒಂದೇ ಅಣುವಿನ ಭಾಗಗಳಾದ್ದರಿಂದ ಬೇರೆಯಾಗುವಂತೆಯೂ ಇಲ್ಲ. ಹಾಗಾಗಿ ನೀರು ಕೆಲವೇ ನ್ಯಾನೋಮೀಟರ್ ಅಗಲದ ಸಂದುಗಳಲ್ಲಿ ಸೇರಿಕೊಳ್ಳುತ್ತದೆ. ಪ್ರೋಟಾನ್ ಸಾಗುವ ದಾರಿಯೂ ಅದೇ.

ಆ ನೀರು ಒಳಗೆ ಹೇಗಿದೆ ಎಂದು ಕೇಳುವ ಮೊದಲು ಎಷ್ಟಿದೆ ಎಂದು ತಿಳಿಯಬೇಕು. ಈ ಕ್ಷೇತ್ರದವರು ಅದನ್ನು ಲ್ಯಾಂಬ್ಡಾ ಎನ್ನುತ್ತಾರೆ: ಒಂದು ಸಲ್ಫೋನಿಕ್ ಗುಂಪಿಗೆ ಎಷ್ಟು ನೀರಿನ ಅಣುಗಳು ಎಂಬ ಲೆಕ್ಕ. ನಾನು ಬಳಸಿದ್ದು ನಾಫಿಯಾನ್ 117. ಹೆಸರಿನಲ್ಲಿರುವ 11 ಅಂದರೆ 1100 ಗ್ರಾಂ ಒಣ ಪಾಲಿಮರಿಗೆ ಒಂದು ಮೋಲ್ ಆಮ್ಲ. 7 ಅಂದರೆ ಇಂಚಿನ ಸಾವಿರ ಭಾಗಗಳಲ್ಲಿ ಏಳು ಭಾಗದಷ್ಟು ದಪ್ಪ. ಹೀರಿದ ನೀರಿನ ತೂಕವನ್ನು ಒಣ ತೂಕದಿಂದ ಭಾಗಿಸಿ, 1100/18ರಿಂದ, ಅಂದರೆ ಸುಮಾರು 61ರಿಂದ ಗುಣಿಸಿದರೆ ಲ್ಯಾಂಬ್ಡಾ ಸಿಗುತ್ತದೆ.

ಸೂತ್ರ ಸುಲಭ, ತೂಗುವುದೇ ಕಷ್ಟ. ಮೊದಲು ಪೊರೆಯನ್ನು ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್, ಶುದ್ಧ ನೀರು, 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲ, ಮತ್ತೆ ಶುದ್ಧ ನೀರು, ಹೀಗೆ ಸಾಲಾಗಿ ಕುದಿಸಿದೆ. ನೀರಿನಿಂದ ತೆಗೆದ ತುಂಡನ್ನು ಎರಡು ಫಿಲ್ಟರ್ ಕಾಗದಗಳ ನಡುವೆ ಒಮ್ಮೆ ಒತ್ತಿ ತಕ್ಕಡಿಗೆ ಹಾಕಿದರೆ ಕೊನೆಯ ಅಂಕಿ ನಿಲ್ಲುವುದೇ ಇಲ್ಲ, ಇಳಿಯುತ್ತಲೇ ಹೋಗುತ್ತದೆ. ಒಣಗಿಸಿ ತಂದ ತುಂಡಿನದು ಏರುತ್ತಲೇ ಹೋಗುತ್ತದೆ. ಅದಕ್ಕೇ ಮುಚ್ಚಳವಿರುವ ಪುಟ್ಟ ಗಾಜಿನ ಬಾಟಲಿಯಲ್ಲಿ ಹಾಕಿಯೇ ತೂಗಿದೆ. ಇನ್ನೊಂದು, ಒದ್ದೆ ತೂಕ ಮೊದಲು, ಒಣ ತೂಕ ಕಟ್ಟಕಡೆಗೆ. 105 ಡಿಗ್ರಿಯಲ್ಲಿ ಒಣಗಿಸಿದ ಪೊರೆಯನ್ನು ಕೋಣೆಯ ಉಷ್ಣತೆಯ ನೀರಿಗೆ ಹಾಕಿದರೆ ಮೊದಲಿನಷ್ಟು ಹೀರುವುದಿಲ್ಲ. ಮತ್ತೆ ಕುದಿಸಿದರೆ ಮಾತ್ರ ಹೀರುತ್ತದೆ. ಹಿಂದೆ ಏನೇನು ಅನುಭವಿಸಿತು ಎಂಬುದನ್ನು ಈ ವಸ್ತು ಮರೆಯುವುದಿಲ್ಲ. ಹಾಗಾಗಿ 'ನಾಫಿಯಾನ್‌ನ ಲ್ಯಾಂಬ್ಡಾ ಇಷ್ಟು' ಎಂದಷ್ಟೇ ಬರೆದ ಸಾಲನ್ನು ನಾನು ನಂಬುವುದಿಲ್ಲ. ಕುದಿಸಿದ ಪೊರೆ ನೀರಿನಲ್ಲಿ ಮುಳುಗಿದ್ದಾಗ 22ರ ಆಸುಪಾಸು. ಪೂರ್ತಿ ತೇವದ ಆವಿಯಲ್ಲಿದ್ದಾಗ 14ರ ಆಸುಪಾಸು. ಎರಡರಲ್ಲೂ ನೀರಿನ ರಾಸಾಯನಿಕ ವಿಭವ, ಅಂದರೆ ಅದು ಪೊರೆಯೊಳಗೆ ಹೋಗಲು ತೋರುವ ಒಲವು, ಒಂದೇ ಇರಬೇಕಲ್ಲ, ಹಾಗಿದ್ದೂ ಈ ಅಂತರ. 1903ರಲ್ಲಿ ಇಂಥದ್ದನ್ನು ವರದಿ ಮಾಡಿದ ಶ್ರೋಡರ್ ಹೆಸರಿನಲ್ಲಿ ಇದನ್ನೇ ಶ್ರೋಡರ್ ವಿರೋಧಾಭಾಸ ಎನ್ನುತ್ತಾರೆ. ಕಡಿಮೆ ತೇವ ಬೇಕಾದಾಗ ಮುಚ್ಚಿದ ಡಬ್ಬಿಯಲ್ಲಿ ಉಪ್ಪಿನ ಸಂತೃಪ್ತ ದ್ರಾವಣ ಇಟ್ಟೆ: 25 ಡಿಗ್ರಿಯಲ್ಲಿ ಲಿಥಿಯಂ ಕ್ಲೋರೈಡ್ ಶೇ. 11, ಮೆಗ್ನೀಷಿಯಂ ಕ್ಲೋರೈಡ್ ಶೇ. 33, ಅಡುಗೆ ಉಪ್ಪು ಶೇ. 75ರ ಆರ್ದ್ರತೆ ಕೊಡುತ್ತವೆ.

ಆಮೇಲೆ ಡಿಎಸ್‌ಸಿ, ಅಂದರೆ ಉಷ್ಣತೆ ಬದಲಾದಂತೆ ವಸ್ತು ಹೀರುವ ಶಾಖವನ್ನು ಗೆರೆಯಾಗಿ ಬರೆಯುವ ಅಳತೆ. ಒದ್ದೆ ತುಂಡನ್ನು ಬಿಗಿಯಾಗಿ ಮುಚ್ಚಿದ ಪ್ಯಾನ್‌ನಲ್ಲಿ ಸೊನ್ನೆಗಿಂತ ಬಹಳ ಕೆಳಗೆ ತಣಿಸಿ ಬಿಸಿ ಮಾಡಿದರೆ, ಮಂಜುಗಡ್ಡೆಯ ಚೂಪು ಶಿಖರದ ಬದಲು ಸೊನ್ನೆಗಿಂತ ಕೆಳಗೇ ಶುರುವಾಗುವ ಅಗಲವಾದ ದಿಬ್ಬ ಬರುತ್ತದೆ. ಅದರ ಶಾಖವನ್ನು ಗ್ರಾಮಿಗೆ 334 ಜೂಲ್‌ನಿಂದ (ಸೊನ್ನೆ ಡಿಗ್ರಿಯಲ್ಲಿ ಮಂಜುಗಡ್ಡೆ ಕರಗಲು ಬೇಕಾದ ಶಾಖ) ಭಾಗಿಸಿದರೆ ಹೆಪ್ಪುಗಟ್ಟಿದ ನೀರು; ಒಟ್ಟು ನೀರಿನಲ್ಲಿ ಅದನ್ನು ಕಳೆದರೆ ಹೆಪ್ಪುಗಟ್ಟದ್ದು. ಎರಡನೆಯದನ್ನು 'ಬಂಧಿತ ನೀರು' ಎಂದು ಪಟ್ಟಿಗೆ ಏರಿಸುವುದು ರೂಢಿ. ನನಗೆ ಅದು ಒಪ್ಪಿಗೆಯಿಲ್ಲ. ಉಷ್ಣತೆ ಇಳಿದಂತೆ ಕರಗುವ ಶಾಖವೂ ಇಳಿಯುತ್ತದೆ, ಆದ್ದರಿಂದ 334 ಹಿಡಿದರೆ ಹೆಪ್ಪುಗಟ್ಟಿದ್ದು ಕಡಿಮೆ, ಬಂಧಿತ ಹೆಚ್ಚು ಎಂದೇ ತೋರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ: ತಣಿಯುವಾಗ ಒಂದಷ್ಟು ನೀರು ಸಂದುಗಳನ್ನು ಬಿಟ್ಟು ಹೊರಬಂದು ಮಂಜುಗಡ್ಡೆಯಾಗುತ್ತದೆ. ನಿಧಾನವಾಗಿ ತಣಿಸಿದರೆ ಹೊರಬರಲು ಹೆಚ್ಚು ಸಮಯ. ಅಳೆಯುವ ಕ್ರಮವೇ ಅಳೆಯಬೇಕಾದ್ದನ್ನು ಬದಲಿಸುತ್ತದೆ.

ಅದೇ ಪೊರೆಯನ್ನು ಪ್ರೋಟಾನ್ ಎನ್‌ಎಂಆರ್‌ಗೆ (ಕಾಂತಕ್ಷೇತ್ರದಲ್ಲಿಟ್ಟು ಹೈಡ್ರೋಜನ್ ಪರಮಾಣುಗಳ ಸುತ್ತಲಿನ ಸ್ಥಿತಿ ತೋರಿಸುವ ಅಳತೆ) ಹಾಕಿದರೆ ನೀರಿಗೂ ಆಮ್ಲಕ್ಕೂ ಸೇರಿ ಒಂದೇ ಶಿಖರ. ಸಲ್ಫೋನಿಕ್ ಗುಂಪಿನ ಪಕ್ಕದ ಅಣುಗಳೂ ಸಂದಿನ ನಡುವಿನವೂ ಅಷ್ಟು ಬೇಗ ಜಾಗ ಬದಲಿಸಿಕೊಳ್ಳುತ್ತವೆ, ಎನ್‌ಎಂಆರ್‌ಗೆ ಕಾಣುವುದು ಸರಾಸರಿ ಮಾತ್ರ. ಲ್ಯಾಂಬ್ಡಾ ಇಳಿದಂತೆ ಶಿಖರ ಅಗಲವಾಗುತ್ತದೆ, ಹೆಚ್ಚಿನ ಪಿಪಿಎಂ (ಶಿಖರದ ಜಾಗ ಹೇಳುವ ಅಳತೆ) ಕಡೆಗೂ ಸರಿಯುತ್ತದೆ; ಸರಿಯುವುದು ಏಕೆಂದರೆ ಅದೇ ಆಮ್ಲ ಈಗ ಕಡಿಮೆ ಅಣುಗಳ ನಡುವೆ ಹಂಚಿಹೋಗಿದೆ. ಅತಿರಕ್ತ (ಇನ್‌ಫ್ರಾರೆಡ್) ರೋಹಿತಕ್ಕೆ ಪಿಕೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದಲ್ಲಿ, ನಡೆಯುವುದೂ ಕಾಣುತ್ತದೆ, ಹಾಗಾಗಿ ಅಲ್ಲಿ ಬಗೆಬಗೆಯ ಹೈಡ್ರೋಜನ್ ಬಂಧಗಳು ಬೇರೆಬೇರೆಯಾಗಿ ತೋರುತ್ತವೆ. ನೀರು ಎಷ್ಟು ಬಗೆ ಎಂಬುದಕ್ಕೆ ಉತ್ತರ ಉಪಕರಣದ ಗಡಿಯಾರ ಎಷ್ಟು ವೇಗದ್ದು ಎಂಬುದರ ಮೇಲಿದೆ. ಈಗ ನಾನು 'ಬಂಧಿತ' ಎಂದು ಬರೆಯದೆ 'ಇಂಥ ವೇಗದಲ್ಲಿ ತಣಿಸಿದಾಗ ಹೆಪ್ಪುಗಟ್ಟದ ನೀರು' ಎಂದು ಬರೆದು ಪಕ್ಕದಲ್ಲೇ ಲ್ಯಾಂಬ್ಡಾ ಕೊಡುತ್ತೇನೆ.

ಎನ್‌ಎಂಆರ್ ಮಾಡುವವರಿಗೆ ಒಂದು ಮಾತು. ಕೊಳವೆಯಲ್ಲಿ ಪೊರೆಯ ಮೇಲೆ ಖಾಲಿ ಜಾಗ ಬಿಡಬೇಡಿ. ತುಂಡು ಚಿಕ್ಕದು, ಅದರ ನೀರು ಆವಿಯಾಗಿ ಮೇಲಿನ ಗಾಳಿಗೆ ಹೋದರೆ ಲ್ಯಾಂಬ್ಡಾ ಗೊತ್ತಾಗದಂತೆ ಇಳಿದುಬಿಡುತ್ತದೆ. ಉಳಿದ ಜಾಗಕ್ಕೆ ಗಾಜಿನ ಕಡ್ಡಿ ತುಂಬಿ, ಮುಚ್ಚಿ, ಅಳತೆಗೆ ಮೊದಲೊಮ್ಮೆ ಆದಮೇಲೊಮ್ಮೆ ಕೊಳವೆಯನ್ನು ತೂಗಿನೋಡಿ.